ಎಂಟು ಜಿಬಿ ಸಾಕು

ಜೆಮೂನ್, ಬೆಲ್‌ಗ್ರೇಡ್
11 ಸೆಪ್ಟೆಂಬರ್ 2022

ಪ್ರೀತಿಯ ರಾದೆ ಮಾಮ,

ಫೋನ್ ಮಾಡಿದರೆ ನೀವು “ಹೂಂ” ಅನ್ನುತ್ತೀರಿ, ಇಲ್ಲವೇ “ಅಂಗಡೀಲಿ ಗಿರಾಕಿ ಇದಾರೆ” ಎಂದು ಇಟ್ಟುಬಿಡುತ್ತೀರಿ. ಪೆನ್ನು ಕೊಟ್ಟರೆ ಮಾತ್ರ ನಿಮ್ಮ ಬಾಯಿ ತೆರೆಯುತ್ತದೆ ಎಂದು ಸ್ಮಿಲ್ಯಾ ಅತ್ತೆ ಯಾವಾಗಲೂ ಹೇಳುತ್ತಾರಲ್ಲ, ಅದಕ್ಕೇ ಈ ಕಾಗದ.

ಇಲ್ಲಿಗೆ ಬಂದು ಮೂರು ವಾರವಾಯಿತು. ಯೆಲ್ಕಾ ಚಿಕ್ಕಮ್ಮನ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೋ ಯಾರಿಗೂ ನೆನಪಿಲ್ಲ. ಶಾಲೆ ಪರವಾಗಿಲ್ಲ. ವಾರಕ್ಕೆ ನಾಲ್ಕು ದಿನ ಗೊರ್ದಾನ್ ವುಕೆಲ್ಯಾ ಅವರ ಹತ್ತಿರ ಚದುರಂಗದ ಪಾಠ. ನಾವು ಆರು ಜನ ಶಿಷ್ಯರು. ಹೊರಗಿನ ಊರಿನವಳು ನಾನೊಬ್ಬಳೇ. ಅವರ ಕೋಣೆಯ ಮೂರು ಗೋಡೆಗೂ ಪುಸ್ತಕ, ನಾಲ್ಕನೆಯ ಗೋಡೆಗೆ ಒಂದು ದೊಡ್ಡ ಕಂಪ್ಯೂಟರ್. ಮೊದಲ ದಿನ ನನ್ನ ಆಟ ನೋಡಿ, “ಕೊನೆಯಾಟ ಯಾರು ಕಲಿಸಿದ್ದು ನಿಂಗೆ?” ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. ನಮ್ಮ ಕಿಕಿಂದಾ ಕ್ಲಬ್ಬಿನ ಮೇಷ್ಟ್ರು, ಸಂಬಂಧಿಯಲ್ಲ, ಬಾಯ್ತುಂಬ ಮಾಮ ಅನ್ನುತ್ತೇವೆ ಎಂದೆ. ಗಲ್ಲ ಕೆರೆದುಕೊಂಡು, “ಓ, ರಾದಿವೋಯ್! ಇನ್ನೂ ಆಡ್ತಾನಾ ಅವನು?” ಅಂದರು.

ಈಗ ಕೆಲಸದ ಮಾತು. ನನಗೆ ನನ್ನದೇ ಲ್ಯಾಪ್‌ಟಾಪ್ ಬೇಕಾಗಿದೆ. ಕ್ರೀಡಾ ಸಂಘದವರು ಕೊಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯದೇ ಬರುತ್ತದೆ. ಆಟದ ಸ್ಥಿತಿಯನ್ನು ಅದರಲ್ಲಿ ಹಾಕಿ ಗಂಟೆಗಟ್ಟಲೆ ಲೆಕ್ಕ ಹಾಕಿಸಬೇಕು. ನಿಮ್ಮ ರಿಪೇರಿ ಅಂಗಡಿಯ ಹಳೆಯ ಯಂತ್ರದಲ್ಲಿ ಹಾಕಿಸುತ್ತಿದ್ದೆವಲ್ಲ, ಹಾಗೆ. ಇಲ್ಲಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗಿ ಕೇಳಿದಳು:

“ಓದೋಕಾ, ಗೇಮ್ ಆಡೋಕಾ?”

“ಆಡೋಕೆ.”

“ಯಾವುದು, ಗುಂಡು ಹಾರಿಸೋದಾ?”

“ಅಲ್ಲ, ಚೆಸ್.”

“ಅಯ್ಯೋ, ಅದಕ್ಕೆ ಫೋನೇ ಸಾಕಲ್ಲೇ!”

ಕೊನೆಗೆ ಎರಡನ್ನು ಮುಂದಿಟ್ಟಳು. ಒಂದು ಕಪ್ಪಗೆ, ದಪ್ಪಗೆ, ಎತ್ತಿದರೆ ಕೈ ಬೀಳುತ್ತದೆ. ಎಂಟು ಕೋರ್‌ನ ಪ್ರೊಸೆಸರ್, ಹದಿನಾರು ಜಿಬಿ ಮೆಮೊರಿ, ಹಿಂದುಗಡೆ ಎರಡು ಫ್ಯಾನು. ಇನ್ನೊಂದು ಬೆಳ್ಳಿಬಣ್ಣದ್ದು, ತೆಳ್ಳಗಿನದು, ನಾಲ್ಕು ಕೋರ್, ಎಂಟು ಜಿಬಿ. ಸ್ಕ್ರೀನು ಕನ್ನಡಿಯಂತಿದೆ. ಬೆಲೆ ಹೆಚ್ಚುಕಡಿಮೆ ಒಂದೇ. ಎರಡರ ಮಾದರಿಯ ಹೆಸರನ್ನೂ ಈ ಹಾಳೆಯ ಹಿಂದೆ ಬರೆದಿದ್ದೇನೆ. ನನಗೆ ಬೆಳ್ಳಿಯದು ಇಷ್ಟವಾಯಿತು. ಆದರೆ ಇಷ್ಟಪಟ್ಟು ನಡೆಸಿದ ನಡೆಯನ್ನು ಎರಡು ಸಲ ನೋಡು ಎಂದು ನೀವೇ ಹೇಳಿಕೊಟ್ಟಿದ್ದೀರಿ. ನೀವು ಹೇಳಿದ್ದನ್ನೇ ಕೊಳ್ಳುತ್ತೇನೆ. ಬೇಗ ಬರೆಯಿರಿ.

ನಿಮ್ಮ
ಇಸ್ಕ್ರಾ


ಕಿಕಿಂದಾ
17 ಸೆಪ್ಟೆಂಬರ್ 2022

ಮಗಳೇ ಇಸ್ಕ್ರಾ,

ನಿನ್ನ ಕಾಗದ ಬಂತು. ಹೌದು, ಇನ್ನೂ ಆಡುತ್ತೇನೆ ಎಂದು ನಿನ್ನ ಮೇಷ್ಟ್ರಿಗೆ ಹೇಳು. ಮಂಗಳವಾರ ಮತ್ತು ಶುಕ್ರವಾರ, ಅಗ್ನಿಶಾಮಕದವರ ಕಟ್ಟಡದ ಮೇಲಿನ ಕೋಣೆಯಲ್ಲಿ, ಹನ್ನೊಂದು ಮಕ್ಕಳೊಂದಿಗೆ. ನನ್ನ ಬಳಿ ನಾಲ್ಕು ಗೋಡೆಗೂ ಸುಣ್ಣವೇ ಇರುವುದು ಎಂದೂ ಹೇಳು. ನಾವಿಬ್ಬರೂ ನಿನ್ನ ವಯಸ್ಸಿನಲ್ಲಿ ನೋವಿ ಸಾದಿನ ಚದುರಂಗ ಶಿಬಿರದಲ್ಲಿ ಒಂದೇ ಕೋಣೆಯಲ್ಲಿ ಮಲಗಿದವರು. ತಂಡದಲ್ಲಿ ಒಂದೇ ಜಾಗವಿತ್ತು, ಅವನಿಗೆ ಸಿಕ್ಕಿತು. ಅವನು ದೊಡ್ಡ ಆಟಗಾರನಾದ. ನಾನು ಕಂಪ್ಯೂಟರ್ ರಿಪೇರಿಯವನಾದೆ. ಅದರಿಂದ ನಿನಗೆ ಉಪಯೋಗವೇ ಆಯಿತು, ನೋಡು.

ಲ್ಯಾಪ್‌ಟಾಪಿನ ವಿಷಯ. ಜನ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ದೊಡ್ಡ ಅಂಕಿ ನೋಡುತ್ತಾರೆ. ಎರಡೂ ತಪ್ಪು. ಇದನ್ನು ಎಲ್ಲಿ ಇಡುತ್ತೇನೆ, ಹೇಗೆ ಹೊರುತ್ತೇನೆ, ದಿನಕ್ಕೆ ಎಷ್ಟು ಹೊತ್ತು ಬಳಸುತ್ತೇನೆ ಎಂದು ಕೇಳಿಕೊಳ್ಳಬೇಕು. ನೀನು ನಾಲ್ಕು ಮಹಡಿ ಹತ್ತಬೇಕು, ಬಸ್ಸಿನಲ್ಲಿ ನಿಲ್ಲಬೇಕು, ಚೀಲದಲ್ಲಿ ಶಾಲೆಯ ಪುಸ್ತಕವೂ ಇರುತ್ತದೆ. ಕಪ್ಪಗಿನದು ಅದರ ಚಾರ್ಜರ್ ಸೇರಿ ಮೂರು ಕಿಲೋ ದಾಟುತ್ತದೆ. ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು. ಬೆಳ್ಳಿಯದು ಒಂದು ಕಿಲೋ, ಬ್ಯಾಟರಿ ದಿನವಿಡೀ. ಸ್ಕ್ರೀನು ಚೆನ್ನಾಗಿದ್ದರೆ ಕಣ್ಣಿಗೆ ತ್ರಾಸವಿಲ್ಲ. ಪ್ರೊಸೆಸರ್ ಈ ವರ್ಷದ್ದು. ಮೆಮೊರಿ ಎಂಟು ಜಿಬಿ ಸಾಕು. ನಮ್ಮ ಅಂಗಡಿಯ ಯಂತ್ರದಲ್ಲಿ ನಾಲ್ಕೇ ಇತ್ತು, ಅದರಲ್ಲೇ ನೀನು ಜಿಲ್ಲೆ ಗೆದ್ದೆ.

ಬೆಳ್ಳಿಯದನ್ನೇ ತೆಗೆದುಕೋ.

ಯಂತ್ರವನ್ನು ಹೆಚ್ಚು ನಂಬಬೇಡ ಎಂದು ಬೇರೆ ಹೇಳಬೇಕಿಲ್ಲ. ಯಂತ್ರ ತೋರಿಸಿದ್ದನ್ನು ಬಾಯಿಪಾಠ ಮಾಡಿಸುವ ಮೇಷ್ಟ್ರುಗಳು ಬೆಲ್‌ಗ್ರೇಡಿನಲ್ಲಿ ಬಹಳ ಇದ್ದಾರೆ ಎಂದು ಕೇಳಿದ್ದೇನೆ. ನಿನ್ನ ಆಟಗಳನ್ನು ಬರೆದು ಕಳಿಸು. ಇಲ್ಲಿಯ ಮಕ್ಕಳು ನಿನ್ನ ಕುರ್ಚಿಗಾಗಿ ಜಗಳವಾಡುತ್ತಿದ್ದಾರೆ. ನಾನು ಯಾರಿಗೂ ಕೊಟ್ಟಿಲ್ಲ.

ರಾದೆ ಮಾಮ


ಜೆಮೂನ್
2 ಅಕ್ಟೋಬರ್ 2022

ಪ್ರೀತಿಯ ರಾದೆ ಮಾಮ,

ಕೊಂಡೆ! ಬೆಳ್ಳಿಯದು! ಚಿಕ್ಕಮ್ಮ ಅದನ್ನು ಕಂಡು, “ಇದನ್ನ ಬಳಸ್ತೀಯೋ, ಶೋಕೇಸಲ್ಲಿ ಇಡ್ತೀಯೋ?” ಅಂದಳು. ಪಾಠಕ್ಕೆ ಒಯ್ದಾಗ ವುಕೆಲ್ಯಾ ಅವರು ಬೆರಳಿನಲ್ಲಿ ಅದರ ಅಂಚು ಸವರಿ, “ಇದನ್ನ ಆರಿಸಿದ್ದು ಯಾರು?” ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. ಹುಬ್ಬೇರಿಸಿ, “ಅವನಿಗೆ ಇದೇ ಕಸುಬಲ್ವಾ, ಗೊತ್ತಿರುತ್ತೆ ಬಿಡು,” ಅಂದರು.

ಒಂದೇ ಅನುಮಾನ. ಲೆಕ್ಕಕ್ಕೆ ಹಚ್ಚಿದ ಹತ್ತು ನಿಮಿಷಕ್ಕೆ ಫ್ಯಾನು ಕೂದಲು ಒಣಗಿಸುವ ಯಂತ್ರದಂತೆ ಕೂಗುತ್ತದೆ, ತಳ ಕಾದು ತೊಡೆಯ ಮೇಲೆ ಇಟ್ಟುಕೊಳ್ಳಲಾಗದು, ಆಮೇಲೆ ಲೆಕ್ಕದ ವೇಗ ಅರ್ಧಕ್ಕಿಳಿಯುತ್ತದೆ. ಇದು ಸರಿಯೇ? ಅಂಗಡಿಗೆ ಹಿಂದಿರುಗಿಸಲು ಇನ್ನೂ ಹತ್ತು ದಿನ ಅವಕಾಶವಿದೆ. ಹಿಂದಿರುಗಿಸಲೇ?

ಆಟಗಳನ್ನು ಈಗ ಕಳಿಸುವುದಿಲ್ಲ. ಯಾಕೆ ಅಂತ ಕೇಳಬೇಡಿ. ಒಂದು ಕೆಲಸ ಹಿಡಿದಿದ್ದೇನೆ, ಮುಗಿದ ಮೇಲೆ ಹೇಳುತ್ತೇನೆ.

ಇಸ್ಕ್ರಾ


ಕಿಕಿಂದಾ
8 ಅಕ್ಟೋಬರ್ 2022

ಇಸ್ಕ್ರಾ,

ಹೊಸದರಲ್ಲಿ ಹಾಗೇ ಇರುತ್ತದೆ. ಹಿಂಬದಿಗೆ ಎರಡು ಪೆನ್ಸಿಲ್ ಕೊಟ್ಟು ಎತ್ತರಿಸು, ಗಾಳಿ ಆಡಲಿ. ಹಿಂದಿರುಗಿಸುವುದು ಬೇಡ.

ಆಟಗಳನ್ನು ಕಳಿಸದಿದ್ದರೆ ಬೇಡ. ಗುಟ್ಟು ಎಂದರೆ ಗುಟ್ಟು. ನಿನ್ನ ಮೇಷ್ಟ್ರು ಬಿಡುವುದಿಲ್ಲ ಎಂದಿದ್ದರೆ ಅದನ್ನೇ ಬರೆಯಬಹುದಿತ್ತು, ನಾನೇನು ತಪ್ಪು ತಿಳಿಯುತ್ತಿರಲಿಲ್ಲ. ಆರು ವರ್ಷದವಳಿದ್ದಾಗ ಬೆಂಚಿನ ಮೇಲೆ ದಿಂಬು ಹಾಕಿ ಕೂರಿಸಿ, ಆನೆ ಹೀಗೆ ಹೋಗುತ್ತದೆ, ಒಂಟೆ ಹೀಗೆ ಹೋಗುತ್ತದೆ ಎಂದು ತೋರಿಸಿದವನಿಗೆ ನಿನ್ನ ಆಟ ನೋಡುವ ಹಕ್ಕು ಇಲ್ಲವೆಂದು ಅವನು ಹೇಳಿದರೆ, ಅವನು ದೊಡ್ಡವನು, ಹೇಳಬಹುದು.

ಅಂಗಡಿಯಲ್ಲಿ ಕೆಲಸ ಬಹಳ. ಸ್ಮಿಲ್ಯಾ ಕುಂಬಳಕಾಯಿಯ ಪಾಯಸದಂಥದ್ದೇನೋ ಬೇಯಿಸುತ್ತಿದ್ದಾಳೆ, ನಿನ್ನನ್ನು ಕೇಳಿದಳು.

ರಾದಿವೋಯ್ ಮಲೇಶೆವ್


ಕಿಕಿಂದಾ
20 ನವೆಂಬರ್ 2022

ಇಸ್ಕ್ರಾ,

ಆರು ವಾರದಿಂದ ನಿನ್ನ ಒಂದು ಸಾಲೂ ಇಲ್ಲ. ನಿನ್ನ ಸುದ್ದಿ ನನಗೆ ಕ್ಷೌರದಂಗಡಿಯಲ್ಲಿ ಸಿಕ್ಕಿತು.

ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದೆ. ಕ್ಷೌರಿಕ ಪಾಯಾ ಅಂದಿನ ಪತ್ರಿಕೆಯನ್ನು ನನ್ನ ಮೂಗಿನ ಮುಂದೆ ಹಿಡಿದ. “ಏನ್ ರಾದೆ, ನಿನ್ ಹುಡುಗಿ ಈಗ ವುಕೆಲ್ಯಾ ಹುಡುಗಿ ಆಗ್ಬಿಟ್ಲಲ್ಲ!” ಫೋಟೋದಲ್ಲಿ ನೀನು ಹಲಗೆಯ ಮುಂದೆ ಕೂತಿದ್ದೀ. ಅವನು ಹಿಂದೆ ನಿಂತು ನಿನ್ನ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟಿದ್ದಾನೆ. ತಾನೇ ಬಡಗಿಯಾಗಿ ಮಾಡಿದ ಕುರ್ಚಿಯೇನೋ ಎಂಬಂತೆ. ಕೆಳಗೆ ಬರೆದಿದ್ದಾರೆ: “ಗೊರ್ದಾನ್ ವುಕೆಲ್ಯಾ ಅವರ ಶಿಷ್ಯೆ ಇಸ್ಕ್ರಾ ತೆರ್ಜಿನ್, ದೇಶದ ಜೂನಿಯರ್ ಚಾಂಪಿಯನ್‌ಷಿಪ್‌ಗೆ.” ನಲವತ್ತು ಸಾಲಿನ ಲೇಖನ. ಎರಡು ಸಲ ಓದಿದೆ. ಕಿಕಿಂದಾ ಎಂಬ ಪದ ಎಲ್ಲಿಯೂ ಇಲ್ಲ. ಹತ್ತು ವರ್ಷ ನೀನು ಎಲ್ಲಿ ಆಡುತ್ತಿದ್ದೆ, ಮೋಡದ ಮೇಲೋ?

ಅವನ ಬಳಿ ಬಂದದ್ದು ಮೂರು ತಿಂಗಳ ಹಿಂದೆ. ಮೂರು ತಿಂಗಳಲ್ಲಿ ಚಾಂಪಿಯನ್‌ಷಿಪ್ ಆಡುವವಳು ತಯಾರಾಗುತ್ತಾಳೆಂದರೆ ಅವನು ಮೇಷ್ಟ್ರಲ್ಲ, ಮಂತ್ರವಾದಿ. ನೋವಿ ಸಾದಿನಲ್ಲೂ ಹೀಗೇ. ತಂಡದ ಆಯ್ಕೆಗೆ ಮುಂಚೆ ನಾನು ಮೂರು ವಾರ ಕೂತು ತಯಾರಿಸಿದ್ದನ್ನು ಕೋಣೆಯಲ್ಲಿ ಅವನಿಗೆ ತೋರಿಸಿದೆ, ಗೆಳೆಯ ಎಂದು. ಮರುದಿನ ಅದನ್ನೇ ಆಡಿ ಗೆದ್ದ. ಬೇರೆಯವರು ನೆಟ್ಟಿದ್ದನ್ನು ಕೊಯ್ಯುವುದು ಅವನಿಗೆ ಚೆನ್ನಾಗಿ ಬರುತ್ತದೆ.

ನೀನು ಆಡುತ್ತೀಯೆಂದು ನನಗೆ ಹೇಳಬೇಕೆಂದು ಅನ್ನಿಸಲಿಲ್ಲ. ಸರಿ. ನಿನ್ನ ಕುರ್ಚಿಯಲ್ಲಿ ಈಗ ಬೇರೆ ಮಗು ಕೂರುತ್ತಿದೆ.

ರಾ. ಮಲೇಶೆವ್


ಜೆಮೂನ್
29 ನವೆಂಬರ್ 2022

ರಾದಿವೋಯ್ ಮಾಮ,

ನಿಮ್ಮ ಕಾಗದ ಆಟಕ್ಕೆ ಹೊರಡುವ ದಿನ ಬೆಳಿಗ್ಗೆ ಬಂತು. ಬಸ್ಸಿನಲ್ಲಿ ಓದಿದೆ. ಆಟ ನಡೆಯುವ ವರ್ನ್ಯಾಚ್ಕಾ ಬಾನ್ಯಾ ಊರಿನವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಿದ್ದೆ.

ಈಗ ನಾನು ಹೇಳದೆ ಇಟ್ಟುಕೊಂಡಿದ್ದನ್ನು ಹೇಳುತ್ತೇನೆ, ಕೇಳಿ.

ವುಕೆಲ್ಯಾ ಅವರು ಮೊದಲನೆಯ ದಿನ ನಿಮ್ಮ ಹೆಸರು ಕೇಳಿದ್ದಕ್ಕೇ ಮಾತು ನಿಲ್ಲಿಸಲಿಲ್ಲ. ಕಪ್ಪು ಕಾಯಿ ಹಿಡಿದಾಗ ನಮ್ಮ ಕ್ಲಬ್ಬಿನವರೆಲ್ಲ ಆಡುವ ನಿಮ್ಮ ಆ ಆರಂಭ, ನಾಲ್ಕನೆಯ ನಡೆಗೇ ಕಾಲಾಳು ಬಿಟ್ಟುಕೊಟ್ಟು ಕುದುರೆಯನ್ನು ಅಂಚಿಗೆ ಓಡಿಸುವುದು, ಅದನ್ನು ಆಡಿ ತೋರಿಸಿದೆ. ಎಲ್ಲರ ಮುಂದೆ ನಕ್ಕರು. “ಇದು ಆರಂಭ ಅಲ್ಲ ಕಣೇ, ಕಿಕಿಂದಾದ ಕಾಯಿಲೆ. ಇದನ್ನ ಬಿಡು, ಆಮೇಲೆ ಪಾಠ ಶುರು ಮಾಡೋಣ.” ನಾನು “ಬಿಡಲ್ಲ” ಅಂದೆ. “ಹಾಗಾದ್ರೆ ಒಬ್ಳೇ ಕೂತು ಮಾಡ್ಕೋ. ನನ್ನ ಯಂತ್ರದಲ್ಲಿ ಈ ಕಸ ಹಾಕ್ಬೇಡ,” ಅಂದರು.

ಅದಕ್ಕೇ ನನಗೆ ನನ್ನದೇ ಲ್ಯಾಪ್‌ಟಾಪ್ ಬೇಕಾದದ್ದು. ಇದನ್ನು ಬರೆದರೆ ನಿಮಗೆ ನೋವಾಗುತ್ತದೆ ಎಂದು ಬರೆಯಲಿಲ್ಲ. ಚಾಂಪಿಯನ್‌ಷಿಪ್‌ನಲ್ಲಿ ಅದೇ ಆರಂಭ ಆಡಿ ಗೆದ್ದು, ಆಟ ಬರೆದ ಹಾಳೆಯನ್ನು ನಿಮಗೆ ಕಳಿಸಬೇಕೆಂದಿದ್ದೆ. ಎರಡು ತಿಂಗಳು ಶಾಲೆ ಮುಗಿಸಿ ಬಂದು ಅದನ್ನೇ ಕೂತು ಮಾಡಿದೆ. ಹಿಂಬದಿಗೆ ಎರಡು ಪೆನ್ಸಿಲ್ ಕೊಟ್ಟು.

ಏಳು ಸುತ್ತು ಮುಗಿದಾಗ ನಾನೇ ಮುಂದಿದ್ದೆ. ಎಂಟನೆಯ ಸುತ್ತಿಗೆ ಕಪ್ಪು ಕಾಯಿ ಬಂತು. ಎದುರಾಳಿ ಸುಬೋತಿತ್ಸಾದ ಹುಡುಗಿ ಎನಿಕೊ. ಇವತ್ತೇ ಎಂದುಕೊಂಡೆ. ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಕೊನೆಯ ಸಲ ಲೆಕ್ಕಕ್ಕೆ ಹಚ್ಚಿದೆ. ಕಾಯಿತು, ಕೂಗಿತು, ನಿಧಾನವಾಯಿತು. ಎರಡು ಗಂಟೆಯಲ್ಲಿ ಎಷ್ಟು ಆಳಕ್ಕೆ ಇಳಿಯಬೇಕಿತ್ತೋ ಅದರ ಅರ್ಧಕ್ಕೂ ಇಳಿಯಲಿಲ್ಲ. ಹದಿನಾಲ್ಕನೆಯ ನಡೆಯವರೆಗೂ ನನಗೇ ಮೇಲುಗೈ ಎಂದು ತೋರಿಸುತ್ತಿತ್ತು. ನಂಬಿದೆ.

ಹದಿನಾಲ್ಕನೆಯ ನಡೆಗೆ ಅವಳು ಒಂಟೆಯನ್ನು ಬಲಿ ಕೊಟ್ಟಳು. ನನ್ನ ಲ್ಯಾಪ್‌ಟಾಪ್ ಆ ನಡೆಯನ್ನು ಒಮ್ಮೆಯೂ ತೋರಿಸಿರಲಿಲ್ಲ. ನಲವತ್ತು ನಿಮಿಷ ಯೋಚಿಸಿದೆ. ಇಪ್ಪತ್ತೊಂದನೆಯ ನಡೆಗೆ ರಾಜನನ್ನು ಮಲಗಿಸಿ, ಸೋಲೊಪ್ಪಿ ಎದ್ದು ಬಂದೆ. ಕೊನೆಯ ಸುತ್ತು ಹೇಗೆ ಆಡಿದೆನೋ ತಿಳಿಯದು. ನಾಲ್ಕನೆಯವಳಾಗಿ ಮುಗಿಸಿದೆ. ಮೊದಲನೆಯವಳು ಯೂರೋಪಿನ ಆಟಕ್ಕೆ ಹೋಗುತ್ತಾಳೆ.

ಊಟದ ಮನೆಯಲ್ಲಿ ನಮ್ಮ ಗುಂಪಿನ ತಿಯಾನಾ ತನ್ನ ಲ್ಯಾಪ್‌ಟಾಪ್ ತೆಗೆದಳು. ಅದು ನಾನು ಬಿಟ್ಟುಬಂದ ಆ ಕಪ್ಪಗಿನ ದಪ್ಪಗಿನದೇ. ಸ್ಥಿತಿಯನ್ನು ಹಾಕಿದಳು. ಅವಳ ಸೂಪು ತಣಿಯುವ ಮೊದಲೇ ಒಂಟೆಯ ಬಲಿ ಮೇಲೆ ಬಂತು.

ನೆನ್ನೆ ಬೆಳ್ಳಿಯದನ್ನು ಇಲ್ಲಿನ ರಿಪೇರಿಯವನಿಗೆ ತೋರಿಸಿದೆ. ಬಿಚ್ಚಿ ನೋಡಿ ಅಂದ: “ಇದು ಕೆಟ್ಟಿಲ್ಲಮ್ಮ. ಇದಿರೋದೇ ಹೀಗೆ. ಪತ್ರ ಟೈಪ್ ಮಾಡೋರಿಗೆ, ಸಿನಿಮಾ ನೋಡೋರಿಗೆ. ಇಷ್ಟೊಂದು ಲೆಕ್ಕಕ್ಕೆ ಇದನ್ನ ಯಾರಾದ್ರೂ ಹೇಳ್ತಾರಾ? ಮೆಮೊರಿ ಹಾಕೋಣ ಅಂದ್ರೂ ಜಾಗ ಇಲ್ಲ, ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರೆ. ಯಾರೋ ಏನೂ ಗೊತ್ತಿಲ್ದೋನು ಹೇಳಿದಾನೆ.”

ನಿಮಗೆ ಏನೂ ಗೊತ್ತಿಲ್ಲವೇ, ಮಾಮ? ಮೂವತ್ತು ವರ್ಷದಿಂದ ಇದನ್ನೇ ಬಿಚ್ಚಿ ಕಟ್ಟುತ್ತಿದ್ದೀರಿ.

ಪತ್ರಿಕೆಯವನಿಗೆ ನಾನು ಕಿಕಿಂದಾ ಕ್ಲಬ್ಬಿನ ಹೆಸರನ್ನೂ ನಿಮ್ಮ ಹೆಸರನ್ನೂ ಹೇಳಿದ್ದೆ. ಅಕ್ಷರ ಬಿಡಿಸಿ ಬರೆಸಿದ್ದೆ. ಅವನು ಹಾಕಲಿಲ್ಲ.

ನಿಮಗೆ ಗೊತ್ತಿತ್ತೋ ಇಲ್ಲವೋ, ಅಷ್ಟು ಬರೆಯಿರಿ. ಬೇರೇನೂ ಬೇಡ.

ಇಸ್ಕ್ರಾ


ಕಿಕಿಂದಾ
10 ಡಿಸೆಂಬರ್ 2022

ಇಸ್ಕ್ರಾ,

ಗೊತ್ತಿತ್ತು.

ಅಷ್ಟೇ ಬರೆ ಎಂದಿದ್ದೀ. ಅಷ್ಟಕ್ಕೇ ನಿಲ್ಲಿಸಿದರೆ ಅದೂ ತಪ್ಪಿಸಿಕೊಂಡಂತೆ ಆಗುತ್ತದೆ. ಇಷ್ಟವಿದ್ದರೆ ಮುಂದೆ ಓದು, ಇಲ್ಲದಿದ್ದರೆ ಇಲ್ಲೇ ಮಡಚಿಡು.

ನಿನ್ನ ಮೊದಲ ಕಾಗದ ಬಂದ ದಿನ ನನ್ನ ಮೇಜಿನ ಮೇಲೆ ಅದೇ ಮಾದರಿಯ ಬೆಳ್ಳಿಬಣ್ಣದ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಬಿದ್ದಿತ್ತು. ಒಬ್ಬ ವಕೀಲರದು. ಅವರ ಮಗ ಅದರಲ್ಲಿ ದೊಡ್ಡ ದೊಡ್ಡ ವಿಡಿಯೋ ಗೇಮ್ ಆಡಿ ಆಡಿ ಕಾಯಿಸಿದ್ದ. ಅದರೊಳಗಿನ ಫ್ಯಾನು ನನ್ನ ಹೆಬ್ಬೆರಳಿನಷ್ಟಿರಲಿಲ್ಲ. ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ನಿನಗೆ “ಬೆಳ್ಳಿಯದನ್ನೇ ತೆಗೆದುಕೋ” ಎಂದು ಬರೆದೆ. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ತೂಕ ನಿಜ, ಬ್ಯಾಟರಿ ನಿಜ, ನಾಲ್ಕು ಮಹಡಿ ನಿಜ. ನೀನು ಕೇಳಿದ್ದು ಅದನ್ನಲ್ಲ ಎಂಬುದೂ ನಿಜ.

ಯಾಕೆ? “ಇನ್ನೂ ಆಡ್ತಾನಾ ಅವನು” ಎಂಬ ಮಾತು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ನಿನ್ನ ಕೈಗೆ ಒಳ್ಳೆಯ ಯಂತ್ರ ಕೊಟ್ಟರೆ ಅದರಿಂದ ಬೆಳೆಯುವುದು ಅವನ ಹೆಸರು ಎಂದು ಅನ್ನಿಸಿತು. ನೀನು ಸ್ವಲ್ಪ ಎಡವಬೇಕು, ಅಲ್ಲಿ ಏನೋ ಸರಿಯಿಲ್ಲ ಎಂದು ನಿನಗೇ ಅನ್ನಿಸಬೇಕು, ಶನಿವಾರದ ಬಸ್ಸು ಹತ್ತಿ ನನ್ನ ಬಳಿ ಬಂದು “ಮಾಮ, ಇದನ್ನ ನೋಡಿ” ಅನ್ನಬೇಕು. ಇಷ್ಟು ಸಣ್ಣ ಆಸೆ. ಬರೆದು ನೋಡಿದರೆ ಎಷ್ಟು ಹೊಲಸಾಗಿ ಕಾಣುತ್ತದೆ.

ಎರಡನೆಯ ಸಲ ನೀನು ಹಿಂದಿರುಗಿಸಲೇ ಎಂದು ಕೇಳಿದೆ. ಹತ್ತು ದಿನ ಸಮಯವಿತ್ತು. ಆ ಕಾಗದವನ್ನು ಸ್ಮಿಲ್ಯಾ ಓದಿದಳು. ಅವಳಿಗೆ ಪ್ರೊಸೆಸರ್ ಎಂದರೆ ಏನೆಂದು ತಿಳಿಯದು, ನಾನು ಎಂದರೆ ಏನೆಂದು ತಿಳಿದಿದೆ.

“ಮಗು ಕೇಳ್ತಿದಾಳಲ್ರೀ, ವಾಪಸ್ ಕೊಡ್ಲಾ ಅಂತ. ಏನ್ ಬರೆದ್ರಿ?”

“ಬೇಡ ಅಂತ.”

“ಒಳ್ಳೇದಾ ಅದು?”

“ನಡೆಯುತ್ತೆ.”

“ನಿಮ್ಮ ಮುಖ ನೋಡಿದ್ರೆ ಹಾಗನ್ಸಲ್ಲ. ಮೂವತ್ತೈದು ವರ್ಷ ಆಯ್ತು, ಇನ್ನೂ ಆ ವುಕೆಲ್ಯಾ ಹೆಸರು ಕೇಳಿದ್ರೆ ಚಮಚ ಕೆಳಗಿಡ್ತೀರಿ. ನಿಮ್ಮ ಹೊಟ್ಟೆಕಿಚ್ಚಿಗೆ ಆ ಹುಡುಗೀನ ಯಾಕೆ ಸೌದೆ ಮಾಡ್ತೀರಿ?”

ಅವಳ ಮೇಲೆ ಕೂಗಾಡಿದೆ. ಕಾಗದ ಅಂಚೆಗೆ ಹಾಕಿ ಬಂದೆ.

ನೋವಿ ಸಾದಿನ ಕಥೆಯನ್ನೂ ನಿನಗೆ ನೆಟ್ಟಗೆ ಹೇಳಿಲ್ಲ. ತಯಾರಿಯನ್ನು ಅವನಿಗೆ ತೋರಿಸಿದ್ದು ನಿಜ. ಆದರೆ ಅವನು ಅದನ್ನು ಆಡಿ ಗೆಲ್ಲಲಿಲ್ಲ. ಅವನು ತನ್ನದೇ ಆಟ ಆಡಿದ, ನಾನು ನನ್ನದೇ ಆಟ ಆಡಿ ಸೋತೆ. ಕದ್ದ ಎಂದು ಆಮೇಲೆ ಎಷ್ಟು ಸಲ ಹೇಳಿದೆನೆಂದರೆ ನನಗೇ ನಂಬಿಕೆ ಬಂದುಬಿಟ್ಟಿತ್ತು. ನಿನ್ನ ಕಾಗದ ಓದಿದ ಮೇಲೆ ನಿಜವಾದ ಆಟದ ಹಾಳೆ ತೆಗೆದು ನೋಡಿದೆ.

ಈ ಕಾಗದದ ಹಿಂದೆಯೇ ಒಂದು ಪೆಟ್ಟಿಗೆ ಬರುತ್ತದೆ, ಒಳಗೆ ನಾನು ಅಂಗಡಿಯಲ್ಲಿ ಹೊಂದಿಸಿದ ಬೇರೆ ಲ್ಯಾಪ್‌ಟಾಪ್ ಇದೆ. ಮುಂದಿನ ಶನಿವಾರ ಹನ್ನೊಂದು ಗಂಟೆಯ ಬಸ್ಸಿನ ಡ್ರೈವರ್ ಚೆದಾನ ಕೈಯಲ್ಲಿ ಕೊಡುತ್ತೇನೆ, ನಿಲ್ದಾಣಕ್ಕೆ ಹೋಗಿ ತೆಗೆದುಕೋ. ಸೆಪ್ಟೆಂಬರಿನಲ್ಲಿ ಬರೆಯಬೇಕಾಗಿದ್ದನ್ನು ಈಗ ಬರೆಯುತ್ತೇನೆ. ಇಂಥ ಲೆಕ್ಕಕ್ಕೆ ಮೊದಲು ನೋಡಬೇಕಾದ್ದು ಕೋರ್‌ಗಳ ಸಂಖ್ಯೆ, ಅದರ ಜೊತೆಗೇ ಗಾಳಿ. ಬಿಸಿಯನ್ನು ಹೊರಹಾಕಲು ಆಗದಿದ್ದರೆ ಎಷ್ಟು ಕೋರ್ ಇದ್ದರೂ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ತೆಳ್ಳಗಿನದರಲ್ಲಿ ಬಿಸಿಗೆ ಜಾಗವಿಲ್ಲ. ಮೆಮೊರಿ ಹದಿನಾರಕ್ಕಿಂತ ಕಡಿಮೆ ಬೇಡ. ಇದರಲ್ಲಿ ಮೂವತ್ತೆರಡು ಹಾಕಿದ್ದೇನೆ, ಮುಂದೆ ಹೆಚ್ಚಿಸಲೂ ಬರುತ್ತದೆ. ಕಡತಗಳನ್ನು ಇಡುವ ಎಸ್‌ಎಸ್‌ಡಿ ಒಂದು ಟಿಬಿ, ಯಾಕೆಂದರೆ ಕೊನೆಯಾಟದ ಎಲ್ಲ ಸ್ಥಿತಿಗಳಿಗೆ ಉತ್ತರವಿರುವ ಕೋಷ್ಟಕಗಳೇ ಬಹಳ ಜಾಗ ತಿನ್ನುತ್ತವೆ. ಸ್ಕ್ರೀನು ಸಾಧಾರಣ. ಭಾರವಿದೆ. ಹೊರು. ಬೆಳ್ಳಿಯದನ್ನು ಅದೇ ಪೆಟ್ಟಿಗೆಯಲ್ಲಿ ಹಿಂದಕ್ಕೆ ಕಳಿಸು, ಅಂಗಡಿಯಲ್ಲಿ ಪತ್ರ ಟೈಪ್ ಮಾಡುವವರು ಯಾರಾದರೂ ಕೊಳ್ಳುತ್ತಾರೆ.

ಇನ್ನೊಂದು ವಿಷಯ, ಇದನ್ನು ಬರೆಯಲು ಮೊದಲಿನದಕ್ಕಿಂತ ಕಷ್ಟವಾಗುತ್ತಿದೆ. ಪೆಟ್ಟಿಗೆ ಕಟ್ಟುವ ಮುಂಚೆ ಈ ಯಂತ್ರದಲ್ಲಿ ನನ್ನ ಆರಂಭವನ್ನು ಹಾಕಿ ಮೂರು ದಿನ ಬಿಟ್ಟೆ. ಒಂಟೆಯ ಬಲಿಯ ನಂತರ ಕಪ್ಪಿಗೆ ಉಳಿವಿಲ್ಲ. ಯಾವ ಕಡೆ ಹೋದರೂ ಸೋಲೇ. ಇಪ್ಪತ್ತಾರು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದೆ. ವುಕೆಲ್ಯಾ ಹೇಳಿದ್ದು ಸರಿ. ಅದನ್ನು ಬಿಟ್ಟುಬಿಡು. ಅವನು ಹೇಳಿದ್ದನ್ನು ಕಲಿ. ಮುಂದಿನ ಸಲ ಪತ್ರಿಕೆಯವನು ಕೇಳಿದರೆ ನನ್ನ ಹೆಸರು ಹೇಳಬೇಡ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು. ಕೇಳುವ ಮುಖವಿಲ್ಲ.

ರಾದಿವೋಯ್


ಕಿಕಿಂದಾ
15 ಜನವರಿ 2023

ಇಸ್ಕ್ರಾ,

ಪೆಟ್ಟಿಗೆಯನ್ನು ನಿನ್ನ ಕೈಗೇ ಕೊಟ್ಟೆ ಎಂದು ಚೆದಾ ಹೇಳಿದ. “ಏನಂದ್ಲು?” ಎಂದು ಕೇಳಿದೆ. “ಭಾರ ಇದೆ ಅಂದ್ಲು,” ಅಂದ. ನಿನ್ನ ಅಮ್ಮನನ್ನು ಸಂತೆಯಲ್ಲಿ ನೋಡಿದೆ, ನೀನು ಚೆನ್ನಾಗಿದ್ದೀಯೆಂದರು. ಉತ್ತರ ಬರೆಯಬೇಕಾಗಿಲ್ಲ. ಕ್ಲಬ್ಬಿನ ಮಕ್ಕಳಿಗೆ ಆ ಆರಂಭವನ್ನು ಇನ್ನು ಆಡಬೇಡಿ ಎಂದು ಹೇಳಿದ್ದೇನೆ. ಯಾಕೆ ಎಂದು ಕೇಳಿದರು. ನಾನು ತಪ್ಪು ಮಾಡಿದ್ದೆ ಎಂದೆ.

ರಾ.


ಜೆಮೂನ್
26 ಫೆಬ್ರವರಿ 2023

ರಾದೆ ಮಾಮ,

ಪೆಟ್ಟಿಗೆಯನ್ನು ಐದು ವಾರ ತೆರೆಯಲಿಲ್ಲ. ಮಂಚದ ಕೆಳಗೆ ತಳ್ಳಿದ್ದೆ. ಚಿಕ್ಕಮ್ಮ ಕಸ ಗುಡಿಸುವಾಗ ಪೊರಕೆ ತಾಗಿ, “ಇದರೊಳಗೆ ಕಲ್ಲಿಟ್ಟಿದೀಯಾ?” ಎಂದು ಕೇಳಿದಳು. ನಿಮ್ಮ ಕಾಗದವನ್ನು ಮಾತ್ರ ಪೂರ್ತಿ ಓದಿದ್ದೆ. ಎಷ್ಟು ಸಲ ಎಂದು ಹೇಳುವುದಿಲ್ಲ.

ನನಗೆ ಇನ್ನೂ ಸಿಟ್ಟಿದೆ. ಯೂರೋಪಿನ ಆಟಕ್ಕೆ ಎನಿಕೊ ಹೋಗುತ್ತಾಳೆ. ಅವಳ ಹೆಸರು ಕೇಳಿದಾಗಲೆಲ್ಲ ಎದ್ದು ಬೇರೆ ಕಡೆ ಹೋಗುತ್ತೇನೆ. ಅವಳು ಬಿದ್ದು ಕಾಲು ಉಳುಕಿಸಿಕೊಳ್ಳಲಿ ಎಂದು ಒಂದು ದಿನ ಅನ್ನಿಸಿತು. ಅನ್ನಿಸಿದ ಕೂಡಲೇ ನಿಮ್ಮ ನೆನಪಾಯಿತು, ಹೆದರಿಕೆಯಾಯಿತು. ಇದು ಎಷ್ಟು ಸುಲಭವಾಗಿ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಇದರಿಂದ ತಿಳಿಯಬೇಡಿ.

ವುಕೆಲ್ಯಾ ಅವರಿಗೆ ಲ್ಯಾಪ್‌ಟಾಪಿನ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ನಿಮ್ಮ ಮೇಲಿನ ಕರುಣೆಯಿಂದಲ್ಲ. ಅವರು ನಗುವುದನ್ನು ನನಗೆ ನೋಡಲಾಗದು.

ಮೊದಲು ನೀವು ಹೇಳಿದ್ದನ್ನು ನಾನು ಹಾಗೇ ನಂಬುತ್ತಿದ್ದೆ. ಕುದುರೆ ಹೀಗೆ ಹಾರುತ್ತದೆ ಎಂದರೆ ಹೌದು, ಈ ಲ್ಯಾಪ್‌ಟಾಪ್ ಕೊಳ್ಳು ಎಂದರೆ ಹೌದು. ಈಗ ಆಗುತ್ತಿಲ್ಲ. ಕಳೆದ ತಿಂಗಳು ಪೆಟ್ಟಿಗೆ ತೆರೆದದ್ದೂ ಅದಕ್ಕೇ. “ಕಪ್ಪಿಗೆ ಉಳಿವಿಲ್ಲ” ಎಂದು ಬರೆದಿದ್ದೀರಲ್ಲ, ಅದನ್ನೂ ನಂಬಲಾಗಲಿಲ್ಲ. ಪಶ್ಚಾತ್ತಾಪದಲ್ಲಿ ಬರೆದದ್ದೋ, ನಿಜವಾಗಿ ನೋಡಿ ಬರೆದದ್ದೋ ಎಂದು ಅನುಮಾನ ಬಂತು. ಸ್ಥಿತಿಯನ್ನು ಹಾಕಿ ಮೂರು ದಿನ ಬಿಟ್ಟೆ. ನೀವು ಹೇಳಿದ್ದನ್ನೇ ಹೇಳಿತು. ನಾಲ್ಕನೆಯ ದಿನವೂ ಬಿಟ್ಟೆ, ಐದನೆಯ ದಿನವೂ. ಒಂದು ಕ್ಷಣವೂ ವೇಗ ಇಳಿಯಲಿಲ್ಲ. ಫ್ಯಾನಿನ ಸದ್ದಿಗೆ ಚಿಕ್ಕಮ್ಮನ ಬೆಕ್ಕು ಅದರ ಪಕ್ಕದಲ್ಲೇ ಮಲಗಲು ಕಲಿತಿದೆ.

ಆರನೆಯ ದಿನ ಶಾಲೆಯಿಂದ ಬಂದು ನೋಡಿದರೆ ಯಾರಿಗೆ ಮೇಲುಗೈ ಎಂದು ತೋರಿಸುವ ಅಂಕಿ ಬದಲಾಗಿತ್ತು.

ಹದಿನೇಳನೆಯ ನಡೆಗೆ ಕಪ್ಪು ಆನೆಯನ್ನು ಮುಂದಕ್ಕಲ್ಲ, ಹಿಂದಕ್ಕೆ ಮೂಲೆಗೆ ಒಯ್ಯಬೇಕು. ನೋಡಿದರೆ ಮೂರ್ಖತನ ಅನ್ನಿಸುತ್ತದೆ. ಆದರೆ ಆಮೇಲೆ ರಾಜನಿಗೆ ಒಂದು ಮನೆ ಖಾಲಿಯಾಗುತ್ತದೆ, ಬಿಳಿಯ ದಾಳಿ ನಿಲ್ಲುತ್ತದೆ. ಗೆಲುವಿಲ್ಲ, ಸೋಲೂ ಇಲ್ಲ. ನಿಮ್ಮ ಆರಂಭ ವುಕೆಲ್ಯಾ ಹೇಳಿದಂತೆ ಕಾಯಿಲೆಯೂ ಅಲ್ಲ, ನೀವು ಹೇಳುತ್ತಿದ್ದಂತೆ ವರವೂ ಅಲ್ಲ. ಆಡಬಹುದು, ಅಷ್ಟೇ. ನೀವು ಮೂರು ದಿನಕ್ಕೇ ಯಂತ್ರ ನಿಲ್ಲಿಸಿ ಪೆಟ್ಟಿಗೆ ಕಟ್ಟಿದಿರಿ. ಹೊಟ್ಟೆಕಿಚ್ಚಿನಲ್ಲಿ ನೀವು ಏನು ಮಾಡಿದಿರಿ ಎಂದು ನಮ್ಮಿಬ್ಬರಿಗೂ ಗೊತ್ತಿದೆ. ತಪ್ಪೊಪ್ಪುವುದರಲ್ಲೂ ಅವಸರ ಮಾಡಿದಿರಿ.

ಕಳೆದ ಭಾನುವಾರ ಲೀಗ್ ಆಟದಲ್ಲಿ ನನಗಿಂತ ಬಲವಾದ ಹೆಂಗಸಿನ ಎದುರು ಅದನ್ನೇ ಆಡಿದೆ. ಅವಳೂ ಒಂಟೆಯನ್ನು ಕೊಟ್ಟಳು. ನಾನು ಆನೆಯನ್ನು ಹಿಂದಕ್ಕೆ ಒಯ್ದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಳು. ನಾಲ್ಕು ಗಂಟೆಯ ನಂತರ ಆಟ ಸಮವಾಯಿತು. ವುಕೆಲ್ಯಾ ಹಿಂದೆ ನಿಂತು ನೋಡುತ್ತಿದ್ದರು. ಹೊರಗೆ ಬಂದ ಮೇಲೆ, “ಆ ಆನೆ ನಡೆ ಯಾರದು?” ಎಂದು ಕೇಳಿದರು. “ನಂದು,” ಅಂದೆ. “ಆರಂಭ?” ಅಂದರು. “ಅದು ರಾದಿವೋಯ್ ಮಲೇಶೆವ್‌ದು.” ಅವರು ಕೋಟಿನ ಗುಂಡಿ ಹಾಕಿಕೊಂಡು ಮುಂದೆ ನಡೆದರು. ನನಗೆ ಅವರ ಮೆಚ್ಚುಗೆ ಬೇಕಿರಲಿಲ್ಲ.

ಕ್ಲಬ್ಬಿನ ಮಕ್ಕಳಿಗೆ ಮತ್ತೆ ಹೇಳಿಕೊಡಿ. ನಡೆಗಳನ್ನೆಲ್ಲ ಈ ಹಾಳೆಯ ಹಿಂದೆ ಬರೆದಿದ್ದೇನೆ. ಆದರೆ ಹೇಳಿಕೊಡುವ ಮುಂಚೆ ನೀವೇ ಹಲಗೆಯ ಮೇಲೆ ಜೋಡಿಸಿ, ಒಂದೊಂದಾಗಿ ನಡೆಸಿ ನೋಡಿ. ನಾನು ಬರೆದೆ ಎಂದು ನಂಬಬೇಡಿ.

ಇಸ್ಕ್ರಾ